ಫರ್ಮಾ ಪರೀಕ್ಷೆಯಲ್ಲಿ 561 ಅವಿಭಾಜ್ಯ ಎಂದು ಬರುತ್ತಿದೆ, ತಪ್ಪು ಎಲ್ಲಿ?

ಅಂಕಿಪ್ರಿಯ:
ಅವಿಭಾಜ್ಯ ಸಂಖ್ಯೆಗಳನ್ನು ಪತ್ತೆಹಚ್ಚಲು ಪೈಥಾನ್‌ನಲ್ಲಿ ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಆಧಾರವನ್ನು ಪರೀಕ್ಷಿಸುವ ಸಂಖ್ಯೆಯಷ್ಟೇ ಘಾತಕ್ಕೆ ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸುತ್ತೇನೆ. ಶೇಷವಾಗಿ ಆಧಾರವೇ ಮರಳಿ ಬಂದರೆ ಪಾಸು, ಅಂದರೆ ಅವಿಭಾಜ್ಯ ಎಂದು ಲೆಕ್ಕ. ಆಧಾರ 2 ಮಾತ್ರ ಇದ್ದಾಗ 341 ನುಸುಳಿತ್ತು. 3 ಸೇರಿಸಿದ ಮೇಲೆ ಅದು ಸಿಕ್ಕಿಬಿತ್ತು. ಆದರೆ 561 ಜಗ್ಗುತ್ತಿಲ್ಲ. 2ರಿಂದ 560ರವರೆಗೆ ಎಲ್ಲ ಆಧಾರಗಳನ್ನೂ ಕೊಟ್ಟು ನೋಡಿದೆ, ಎಲ್ಲದರಲ್ಲೂ ಪಾಸು! 5+6+1 = 12, ಅಂದರೆ 3ರಿಂದ ಭಾಗವಾಗುತ್ತದೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ.

ಘಾತಾಂಕ:
ಘಾತ ದೊಡ್ಡದಾಗಿ ಲೆಕ್ಕ ಕಂಪ್ಯೂಟರಿನ ಮಿತಿ ಮೀರಿ ಉಕ್ಕಿ ಹರಿದಿರಬಹುದೇ?

ಶೇಷಗಣಿತ:
ಪೈಥಾನ್‌ನ ಪೂರ್ಣಾಂಕಗಳಲ್ಲಿ ಆ ಭಯವಿಲ್ಲ. ಪ್ರೋಗ್ರಾಂ ಸರಿಯಾಗಿಯೇ ಇದೆ, ಮೋಸ ಇರುವುದು 561ರಲ್ಲಿ. ಇದು ಅತಿ ಚಿಕ್ಕ ಕಾರ್ಮೈಕೇಲ್ ಸಂಖ್ಯೆ, ಅಂದರೆ ಅವಿಭಾಜ್ಯವಲ್ಲದಿದ್ದರೂ ಎಲ್ಲ ಆಧಾರಗಳಲ್ಲೂ ನಿಮ್ಮ ಪರೀಕ್ಷೆಯನ್ನು ಪಾಸು ಮಾಡುವ ಸಂಖ್ಯೆ.

561 = 3 × 11 × 17. ಪ್ರತಿ ಅಪವರ್ತನದಿಂದ ಒಂದು ಕಳೆಯಿರಿ: 2, 10, 16. ಮೂರೂ 560ನ್ನು ನಿಶ್ಶೇಷವಾಗಿ ಭಾಗಿಸುತ್ತವೆ. ಹಾಗಾಗಿ 3, 11, 17 ಒಂದೊಂದೂ ಪ್ರತ್ಯೇಕವಾಗಿ ನಿಮ್ಮ ಪರೀಕ್ಷೆಗೆ ಒಪ್ಪಿಗೆ ಕೊಡುತ್ತದೆ. ಮೂರೂ ಒಪ್ಪಿದ ಮೇಲೆ ಗುಣಲಬ್ಧವೂ ಒಪ್ಪಲೇಬೇಕು. ಈ ಲಕ್ಷಣವನ್ನು ಗಣಿತಜ್ಞ ಕೋರ್ಸೆಲ್ಟ್ 1899ರಲ್ಲೇ ಗುರುತಿಸಿದ್ದರು. ಇಂಥ ಸಂಖ್ಯೆಗಳು ಅನಂತ ಎಂಬುದು 1994ರಲ್ಲಿ ಸಾಬೀತಾಯಿತು. ಆದ್ದರಿಂದ ತಪ್ಪು ಉತ್ತರಗಳ ಪಟ್ಟಿಯನ್ನು ಪ್ರೋಗ್ರಾಂಗೆ ಉರುಹೊಡೆಸುವ ಯೋಚನೆ ಬಿಡಿ.

ಅಂಕಿಪ್ರಿಯ:
ಘಾತವನ್ನು 560ಕ್ಕೆ ಇಳಿಸಿ, ಶೇಷ 1 ಬರುತ್ತದೆಯೇ ಎಂದು ನೋಡಿದೆ. ಆಧಾರ 3ಕ್ಕೆ 375, 11ಕ್ಕೆ 154 ಬಂತು. ಅಂದರೆ ಪರಿಹಾರ ಸಿಕ್ಕಿತಲ್ಲವೇ?

ಶೇಷಗಣಿತ:
561ಕ್ಕೆ ಸಿಕ್ಕಿತು, ಅಷ್ಟೆ. ಅದರೊಂದಿಗೆ ಸಾಮಾನ್ಯ ಅಪವರ್ತನ ಇರುವ ಆಧಾರ ಮಾತ್ರ ಹೀಗೆ ಹಿಡಿಯುತ್ತದೆ. 1ರಿಂದ 560ರವರೆಗಿನ ಉಳಿದ 320 ಆಧಾರಗಳಿಗೂ ಶೇಷ 1 ಬರುತ್ತದೆ. ಅಪವರ್ತನಗಳೆಲ್ಲ ಬಹಳ ದೊಡ್ಡವಾಗಿರುವ ಕಾರ್ಮೈಕೇಲ್ ಸಂಖ್ಯೆ ಎದುರಾದರೆ ಅಂಥ ಆಧಾರ ಕೈಗೆ ಸಿಗುವುದೇ ದುರ್ಲಭ.

ಇದಕ್ಕಿಂತ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆಗೆ ಬನ್ನಿ. 560 = 16 × 35. ಮೊದಲು 2ರ 35ನೇ ಘಾತದ ಶೇಷ: 263. ಅದನ್ನು ವರ್ಗ ಮಾಡುತ್ತ ಹೋದರೆ 166, 67, ಆಮೇಲೆ 1. ನೋಡಿ, 67ರ ವರ್ಗ 1 ಆಯಿತು! ಬೆಸ ಅವಿಭಾಜ್ಯವೊಂದರ ಲೆಕ್ಕದಲ್ಲಿ ವರ್ಗ 1 ಆಗಬೇಕಾದರೆ ಮೂಲ 1 ಅಥವಾ −1 ಮಾತ್ರ ಇರಲು ಸಾಧ್ಯ. 561ರ ಲೆಕ್ಕದಲ್ಲಿ −1 ಎಂದರೆ ಶೇಷ 560. 67 ಎರಡೂ ಅಲ್ಲ, ಕಳ್ಳ ಸಿಕ್ಕಿದ. ಇನ್ನೂ ಸೊಗಸಿನ ಸಂಗತಿ: 66 ಮತ್ತು 561ರ ಮ.ಸಾ.ಅ. 33, 68 ಮತ್ತು 561ರ ಮ.ಸಾ.ಅ. 17. ಅಪವರ್ತನಗಳೂ ಪುಕ್ಕಟೆ!

ಅಂಕಿಪ್ರಿಯ:
ಬದಲಿಸಿದೆ. 10,000ದ ಒಳಗಿನ ಏಳೂ ಕಾರ್ಮೈಕೇಲ್ ಸಂಖ್ಯೆಗಳು ಸಿಕ್ಕಿಬಿದ್ದವು, 1729 ಕೂಡ. ಆದರೆ ಆಧಾರ 2 ಒಂದನ್ನೇ ಇಟ್ಟರೆ 2047, 3277, 4033, 4681, 8321 ಉಳಿದುಕೊಂಡಿವೆ.

ಶೇಷಗಣಿತ:
ಸರಿಯಾಗಿದೆ, 2047 = 23 × 89. 3ನ್ನೂ ಸೇರಿಸಿ, 13,73,653ರ ಕೆಳಗೆ ಇವೆರಡನ್ನೂ ಏಮಾರಿಸುವ ಸಂಯುಕ್ತ ಸಂಖ್ಯೆ ಇಲ್ಲ. 64 ಬಿಟ್‌ಗಳವರೆಗೆ ಹೋಗುವುದಾದರೆ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳನ್ನು ಆಧಾರವಾಗಿ ಇಟ್ಟರೆ ಸಾಕು. ಘಾತ ಲೆಕ್ಕಕ್ಕೆ ಪೈಥಾನ್‌ನ ಪೌ (pow) ಫಂಕ್ಷನ್‌ಗೆ ಮೂರನೇ ಮೌಲ್ಯವಾಗಿ ಭಾಜಕವನ್ನೂ ಕೊಡಿ, ಇಲ್ಲದಿದ್ದರೆ ದೊಡ್ಡ ಸಂಖ್ಯೆಗಳಿಗೆ ಪ್ರೋಗ್ರಾಂ ಮುಗಿಯುವುದೇ ಇಲ್ಲ.