ಪ್ರಿಂಟ್ ಟು ಫೈಲ್ ಕೊಟ್ಟರೆ ತೆರೆಯದ ಫೈಲ್ ಬರ್ತಿದೆ, ಪಿಡಿಎಫ್ ಬರೋಕೆ ಏನು ಮಾಡಬೇಕು?

ಯಾದಗಿರಿ ಟೈಪಿಂಗ್

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಸೇರಿ ಯಾದಗಿರಿಯಲ್ಲಿ ಟೈಪಿಂಗ್, ಝೆರಾಕ್ಸ್ ಅಂಗಡಿ ನಡೆಸುತ್ತೇವೆ. ಬಾಡಿಗೆ ಕರಾರು, ಅಫಿಡವಿಟ್, 371ಜೆ ಮೀಸಲಾತಿ ಅರ್ಜಿ, ಇಂಥವೇ ಕೆಲಸ. ಎಲ್ಲ 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ ಟೈಪ್ ಮಾಡೋದು.

ನಿನ್ನೆ ಒಬ್ಬ ಅಜ್ಜ ಬಂದಿದ್ದರು. ಹೊಲದ ಪಾಲುಪತ್ರದ ಕರಡು ಪುಣೆಯಲ್ಲಿರೋ ಮಗ ಮೊದಲು ನೋಡಲಿ, ಆಮೇಲೆ ಪ್ರಿಂಟ್ ತೆಗೀರಿ ಅಂದರು. ವರ್ಡ್ ಫೈಲನ್ನೇ ವಾಟ್ಸಾಪ್ ಮಾಡಿದೆ. ಆ ಹುಡುಗನ ಮೊಬೈಲಿನಲ್ಲಿ ಒಂದಕ್ಷರ ಕನ್ನಡ ಇಲ್ಲ, ಸರ್ವೆ ನಂಬರ್ ಬಿಟ್ಟರೆ ಏನೂ ಓದೋಕೆ ಬರಲ್ಲ. ಪ್ರಿಂಟರ್ ಪಟ್ಟಿಯ ಕೆಳಗೆ 'ಪ್ರಿಂಟ್ ಟು ಫೈಲ್' ಅಂತ ಇತ್ತು, ಅದನ್ನು ಒತ್ತಿದೆ. ಹೆಸರಿನ ಕೊನೆಗೆ ಪಿಆರ್‌ಎನ್ ಅಂತಿರೋ ಫೈಲ್ ಬಂತು. ಅದು ನಮ್ಮ ಕಂಪ್ಯೂಟರಿನಲ್ಲೇ ತೆರೆಯಲ್ಲ. ಒಂದು ಮಷೀನು ವಿಂಡೋಸ್ 10, ಇನ್ನೊಂದು ಹಳೆಯ ವಿಂಡೋಸ್ 7, ಎರಡರಲ್ಲೂ ವರ್ಡ್ 2010 ಇದೆ. ಅಜ್ಜ ನಾಳೆ ಮತ್ತೆ ಬರ್ತಾರೆ, ದಯವಿಟ್ಟು ಹೇಳಿ.

ಬೀದರ್ ರಿಪೇರಿ

ಅಕ್ಕಾ, ಆ ಪಿಆರ್‌ಎನ್ ಫೈಲ್ ಮನುಷ್ಯರು ಓದೋಕೆ ಇರೋದಲ್ಲ. ನಿಮ್ಮ ಪ್ರಿಂಟರಿಗೆ ಕಂಪ್ಯೂಟರ್ ಏನು ಹೇಳುತ್ತದೋ ಅದನ್ನೇ ಹಾಗೇ ಹಿಡಿದಿಟ್ಟಿರುತ್ತದೆ. ಹೆಸರಿನ ಕೊನೆ ತಿದ್ದಿ ಪಿಡಿಎಫ್ ಅಂತ ಬರೆದರೂ ಅದು ಪಿಡಿಎಫ್ ಆಗಲ್ಲ. ಮೊದಲು ಆ 'ಪ್ರಿಂಟ್ ಟು ಫೈಲ್' ಟಿಕ್ ತೆಗೆಯಿರಿ.

ವಿಂಡೋಸ್ 10ರಲ್ಲಿ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಅನ್ನೋ ಪ್ರಿಂಟರ್ ಅದರ ಜೊತೆಗೇ ಬಂದಿರುತ್ತದೆ. ಕಂಟ್ರೋಲ್ ಪಿ ಒತ್ತಿ, ಪಟ್ಟಿಯಲ್ಲಿ ಅದನ್ನು ಆರಿಸಿ, ಪ್ರಿಂಟ್ ಕೊಡಿ. ಕಾಗದದ ಬದಲು ಫೈಲಿಗೆ ಹೆಸರು ಕೇಳುತ್ತದೆ, ಅಷ್ಟೇ. ಪಟ್ಟಿಯಲ್ಲಿ ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಒಳಗೆ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ತೆಗೆದು ಅಲ್ಲಿ ಟಿಕ್ ಹಾಕಿ. ಟಿಕ್ ಇದ್ದೂ ಬರ್ತಿಲ್ಲ ಅಂದರೆ ಟಿಕ್ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ನನ್ನ ಹತ್ತಿರ ಬಂದ ಎಷ್ಟೋ ಮಷೀನು ಇಷ್ಟಕ್ಕೇ ಸರಿಹೋಗಿವೆ.

ವಿಂಡೋಸ್ 7ರಲ್ಲಿ ಇದು ಇಲ್ಲ. ಅಲ್ಲಿ ಎಕ್ಸ್‌ಪಿಎಸ್ ಅಂತ ಒಂದು ಪ್ರಿಂಟರ್ ಕಾಣುತ್ತದೆ, ಅದರ ಸಹವಾಸ ಬೇಡ, ಆ ಫೈಲ್ ಸಾಮಾನ್ಯವಾಗಿ ಮೊಬೈಲಿನಲ್ಲಿ ತೆರೆಯಲ್ಲ. ವರ್ಡ್ 2010 ಇದೆ ಅಂದಿರಲ್ಲ, ಸೇವ್ ಆಸ್ ಕೊಟ್ಟು ಕೆಳಗೆ ಪಿಡಿಎಫ್ ಆರಿಸಿ.

ಪಿಡಿಎಫ್ ಪ್ರಿಂಟರನ್ನು ಡಿಫಾಲ್ಟ್ ಮಾತ್ರ ಮಾಡಬೇಡಿ. ಅಂಗಡಿ ತುಂಬ ಜನ ನಿಂತಾಗ ನೀವು ಪ್ರಿಂಟ್ ಕೊಡ್ತೀರಿ, ಕಾಗದ ಬರೋ ಬದಲು ಹೆಸರು ಕೇಳ್ತಾ ನಿಲ್ಲುತ್ತದೆ.

ಸೇಡಂ ಮೇಷ್ಟ್ರು

ನಮ್ಮ ಶಾಲೆಯಲ್ಲಿ ಉಬುಂಟು ಇದೆ. ಅಲ್ಲೂ 'ಪ್ರಿಂಟ್ ಟು ಫೈಲ್' ಅಂತಲೇ ಇರುತ್ತದೆ, ಆದರೆ ಅದು ನೇರ ಪಿಡಿಎಫ್ ಕೊಡುತ್ತದೆ. ಹೆಸರು ಒಂದೇ, ಕೆಲಸ ಬೇರೆ. ಅದಕ್ಕೇ ಜನ ಗೊಂದಲ ಮಾಡ್ಕೊಳ್ಳೋದು.

ಕಲಬುರಗಿ ಡಿಟಿಪಿ

ಇನ್ನೊಂದು ಮಾತು ಅಕ್ಕಾ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದಾಗ ಫೈಲಿನ ಒಳಗೆ ನಿಜವಾಗಿ ಕನ್ನಡ ಇರೋದಿಲ್ಲ. 'ಕನ್ನಡ' ಅಂತ ಹೊಡೆದು ಫಾಂಟ್ ಬದಲಿಸಿ ನೋಡಿ: ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರೋ ಎ, ಆಮೇಲೆ ಪೌಂಡ್ ಗುರುತು. ಆ ಹುಡುಗನ ಮೊಬೈಲಿನಲ್ಲಿ ಕಂಡಿದ್ದು ಅದೇ, ಅವನ ಹತ್ತಿರ ಫಾಂಟ್ ಇಲ್ಲ. ಪಿಡಿಎಫ್ ಮಾಡಿದಾಗ ಫಾಂಟೂ ಫೈಲಿನ ಒಳಗೇ ಕೂರುತ್ತದೆ, ಅದಕ್ಕೆ ಎಲ್ಲಿ ತೆರೆದರೂ ಕನ್ನಡ ಕಾಣುತ್ತದೆ.

ಆದರೆ ಆ ಪಿಡಿಎಫ್‌ನಿಂದ ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಹಾಕಿದರೆ ಮತ್ತೆ ಅದೇ ಪಿ, ಎ. ಹೆಸರು ಹುಡುಕಿದರೂ ಸಿಗಲ್ಲ. ಹೊಸ ಕೆಲಸವನ್ನಾದರೂ ಯುನಿಕೋಡ್‌ನಲ್ಲಿ, ಅಂದರೆ ಫೈಲಿನ ಒಳಗೂ ನಿಜವಾದ ಕನ್ನಡವೇ ಇರೋ ವ್ಯವಸ್ಥೆಯಲ್ಲಿ, ಶುರು ಮಾಡಿ. ಕೀಲಿಮಣೆ ಅದೇ ಇರುತ್ತದೆ, ಕೈ ಹೊಸದಾಗಿ ಕಲಿಯಬೇಕಿಲ್ಲ. ಹಳೆಯದನ್ನು ಪರಿವರ್ತಕದಲ್ಲಿ ಹಾಕಬಹುದು, ಆದರೆ ಒತ್ತಕ್ಷರ, ಅರ್ಕಾವತ್ತು ಒಂದೊಂದೂ ಕಣ್ಣಿಟ್ಟು ನೋಡಿ. ಪಾಲುಪತ್ರದಲ್ಲಿ ಅಜ್ಜನ ಹೆಸರಿನ ಒಂದು ಒತ್ತು ತಪ್ಪಿದರೂ ತೊಂದರೆ ಅವರಿಗೇ ಅಲ್ವಾ.

ಯಾದಗಿರಿ ಟೈಪಿಂಗ್

ಆಯ್ತು ನೋಡಿ! ಫೀಚರ್ಸ್‌ನಲ್ಲಿ ಟಿಕ್ ತೆಗೆದು ಮತ್ತೆ ಹಾಕಿದ ಮೇಲೆ ಪಿಡಿಎಫ್ ಪ್ರಿಂಟರ್ ಪಟ್ಟಿಯಲ್ಲಿ ಬಂತು. ಪುಣೆಯ ಹುಡುಗ ಪೂರ್ತಿ ಓದಿ ಫೋನ್ ಮಾಡಿದ. ಚೆಕ್ಕುಬಂದಿಯಲ್ಲಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ, ಪೂರ್ವಕ್ಕೆ ಹಳ್ಳ ಅಂತ ನಾನು ಹೊಡೆದಿದ್ದೆ, ಹಳ್ಳ ಇರೋದು ಪಶ್ಚಿಮಕ್ಕಂತೆ. ಅಜ್ಜ ಎದುರಿಗೇ ಕೂತು ಹೌದು ಹೌದು ಅಂದರು. ಹಾಗೇ ಪ್ರಿಂಟ್ ತೆಗೆದು ಸಹಿ ಮಾಡಿಸಿಬಿಟ್ಟಿದ್ದರೆ ಏನಾಗ್ತಿತ್ತೋ. ಇನ್ನು ಮೇಲೆ ಯಾರದೇ ಇರಲಿ, ಮೊದಲು ಪಿಡಿಎಫ್ ಕಳಿಸಿಯೇ ಪ್ರಿಂಟ್ ತೆಗೆಯೋದು. ಲೀಗಲ್ ಸೈಜಿಗೂ ಹೀಗೇನಾ?

ಬೀದರ್ ರಿಪೇರಿ

ಹೀಗೇ. ಆದರೆ ವರ್ಡ್‌ನಲ್ಲೂ ಪ್ರಿಂಟರ್ ಸೆಟ್ಟಿಂಗ್‌ನಲ್ಲೂ ಎರಡೂ ಕಡೆ ಲೀಗಲ್ ಇಡಿ. ಲೀಗಲ್ ಉದ್ದ 14 ಇಂಚು, ಎ4 ಹನ್ನೆರಡೂ ಇಲ್ಲ. ಒಂದು ಕಡೆ ಮರೆತರೆ ಅಕ್ಷರ ಸಣ್ಣದಾಗಬಹುದು, ಇಲ್ಲಾ ಕೆಳಗಿನ ಸಾಕ್ಷಿದಾರರ ಸಹಿ ಜಾಗ ಕತ್ತರಿಸಿಹೋಗಬಹುದು.