ಆರು ಗುಂಡು, ಒಂದು ತೆಂಗಿನಕಾಯಿ

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೊಡಗಿನಲ್ಲಿರುವ ಬೋಪಣ್ಣನ ಊರಿಗೆ ನಾವೆಲ್ಲ ಹೊರಟಿದ್ದು ಕಡಂಬುಟ್ಟು ಅನ್ನೋ ಅಕ್ಕಿ ಕಡುಬು, ಪಂದಿ ಕರಿ ಅನ್ನೋ ಹಂದಿ ಸಾರಿನ ಆಸೆಗೆ. ಆದರೆ ಎಲೆ ಹಾಕುವ ಮುಂಚೆ ಅವನ ಹೊಸ ರಿವಾಲ್ವರಿನ ದರ್ಶನ ಆಗಲೇಬೇಕಿತ್ತು. ಮನೆ ಹಿಂದಿನ ಹಲಸಿನ ಕೊಂಬೆಗೆ ತೆಂಗಿನಕಾಯಿ ಕಟ್ಟಿಸಿದ್ದ. ಅದರ ಹಿಂದೆ ಎತ್ತರದ ಮಣ್ಣಿನ ಬರೆ. ಬೋಪಣ್ಣ ಒಡವೆಯದ್ದರಂಥ ಪೆಟ್ಟಿಗೆ ತೆರೆದ.

"ಯಾರ ಮದುವೆಗೋ ಈ ಸರ?" ಅಂದರು ಮೇಷ್ಟ್ರು.

"ಸರ ಅಲ್ಲ ಸಾರ್, ನಿರ್ಭೀಕ್! ಟೈಟಾನಿಯಂ ಮಿಶ್ರಲೋಹ. ತೂಕ ಬರೀ ಅರ್ಧ ಕೆಜಿ."

"ಅರ್ಧ ಕೆಜಿ ಅಂದ್ರೆ ಒಂದು ಪೊಟ್ಟಣ ಕಾಫಿಪುಡಿ. ಎಷ್ಟಾಯ್ತು?"

"2014ರಲ್ಲಿ ಕಾನ್ಪುರದಿಂದ ಮೊದಲು ಹೊರಬಂದಾಗಲೇ 1.22 ಲಕ್ಷ. ಈಗಿನದ್ದು ಕೇಳಬೇಡಿ, ಅವ್ವ ಇಲ್ಲೇ ಇದಾಳೆ."

"ಅದು ಹೆಂಗಸರಿಗೆ ಅಂತ ಮಾಡಿದ್ದಲ್ವಾ, ವ್ಯಾನಿಟಿ ಬ್ಯಾಗಲ್ಲಿ ಇಟ್ಕೊಳ್ಳೋಕೆ?" ಫೋನು ಎತ್ತಿ ವಿಡಿಯೋ ಶುರು ಮಾಡಿದ್ದ ಶ್ಯಾಮ ಕೇಳಿದ. "ಬೆಂಗಳೂರಲ್ಲಿ ನಿನ್ನ ಮೇಲೆ ಕಣ್ಣು ಹಾಕಿದ ಪುಣ್ಯಾತ್ಮ ಯಾರಪ್ಪ?"

ಬೋಪಣ್ಣ ಉತ್ತರ ಕೊಡದೆ ಎರಡೂ ಕಾಲು ಅಗಲಿಸಿ ನಿಂತ. ಢಂ! ತೆಂಗಿನಕಾಯಿ ಇದ್ದ ಹಾಗೇ ಇತ್ತು.

"ಟ್ರಿಗರ್ ಬಿಗಿ ಸಾರ್. ಅದನ್ನು ಎಳೆದ್ರೆ ಸುತ್ತಿಗೆ ಹಿಂದಕ್ಕೆ ಹೋಗಬೇಕು, ಗುಂಡಿನ ಗಾಲಿ ತಿರುಗಬೇಕು, ಎರಡೂ ಆಗಬೇಕು. ಅಷ್ಟರಲ್ಲಿ ಕೈ ಅಲ್ಲಾಡುತ್ತೆ."

"ಹಾಗಾದ್ರೆ ಸುತ್ತಿಗೆಯನ್ನ ಹೆಬ್ಬೆರಳಲ್ಲಿ ಮೊದಲೇ ಎಳೆದಿಡೋ. ಟ್ರಿಗರ್ ಹಗುರ ಆಗುತ್ತೆ."

ಎಳೆದಿಟ್ಟ. ಹಗುರ ಆಯಿತು. ಎಷ್ಟು ಹಗುರ ಅಂದರೆ ಬೋಪಣ್ಣ ತಯಾರಾಗುವ ಮುಂಚೆಯೇ ಗುಂಡು ಹೋಗಿ ಬರೆಯಲ್ಲಿ ಹೂತುಕೊಂಡಿತು.

"ಇದೇ ಈಗಿನವರ ಕಾಯಿಲೆ," ಅಂದರು ಮೇಷ್ಟ್ರು, ಕಟ್ಟೆ ಮೇಲೆ ಕೂತುಕೊಳ್ಳುತ್ತ. "ವಿದ್ಯೆಗೆ ಮುಂಚೆ ಸಲಕರಣೆ. ಈ ಶ್ಯಾಮ ಚಾರಣಕ್ಕೆ ಅಂತ ಎಂಟು ಸಾವಿರದ ಬೂಟು ತಗೊಂಡ. ಅದು ಇಲ್ಲೀವರೆಗೆ ಹತ್ತಿದ ಎತ್ತರ ಅಂದ್ರೆ ಅವನ ಮನೆ ಅಟ್ಟ."

"ನನ್ನ ಬೂಟಿಗೂ ಇದಕ್ಕೂ ಏನು ಸಾರ್ ಸಂಬಂಧ?"

"ಬೂಟಿಗೆ ಲೈಸೆನ್ಸ್ ಬೇಡ, ಅಷ್ಟೇ ವ್ಯತ್ಯಾಸ."

ಲೈಸೆನ್ಸ್ ಅಂದಿದ್ದೇ ತಡ, ಬೋಪಣ್ಣ ಅರ್ಜಿ, ಪೊಲೀಸ್ ವರದಿ, ಬಂದೂಕು ತರಬೇತಿಯ ಪ್ರಮಾಣಪತ್ರ ಅಂತ ಪುರಾಣ ಬಿಚ್ಚಿದ. ಶ್ಯಾಮ ಒಂದು ಸಲ ಮುಟ್ಟಿ ನೋಡುತ್ತೇನೆ ಅಂದಾಗ ಹಾವು ತುಳಿದವನ ಹಾಗೆ ಹಿಂದೆ ಸರಿದ. ಲೈಸೆನ್ಸ್ ಅವನ ಹೆಸರಿಗೆ, ಮುಟ್ಟುವ ಹಕ್ಕೂ ಅವನದ್ದೇ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ರಸೀದಿ ತಗೋಬೇಕು.

"ಸರಿ ಬಿಡು, ವರ್ಷಕ್ಕೊಂದು ಸಲ ತವರುಮನೆ," ಅಂದರು ಮೇಷ್ಟ್ರು.

ಮೂರನೆಯದಕ್ಕೆ ಬೋಪಣ್ಣ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ಓರೆಯಾಗಿ ನಿಂತ. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಹೀಗೇ ನಿಂತು ಬೆಳ್ಳಿ ಗೆದ್ದನಂತೆ. ಆಗ ಆತನಿಗಿದ್ದ ವಯಸ್ಸೂ ಬೋಪಣ್ಣನ ವಯಸ್ಸೂ ಒಂದೇ, ಐವತ್ತೊಂದು. ಢಂ!

"ಆತನ ಜೇಬಲ್ಲಿ ಬರೀ ಕೈ ಇತ್ತು," ಅಂದರು ಮೇಷ್ಟ್ರು. "ನಿನ್ನ ಜೇಬಲ್ಲೂ ಅಷ್ಟೇ, ಬರೀ ಕೈ. ಬಾಕಿ ಎಲ್ಲ ಈ ಪೆಟ್ಟಿಗೆಗೆ ಹೋಯ್ತು."

ನಾಲ್ಕನೆಯದಕ್ಕೆ ಗಾಳಿ ಕಾರಣ. ಐದನೆಯದಕ್ಕೆ ಶ್ಯಾಮನ ಕೆಮ್ಮು. ಪ್ರತಿ ಗುಂಡಿಗೂ ನಾಲ್ಕು ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದ.

"ಇನ್ನು ಎರಡು ಹೆಜ್ಜೆ ಹೋಗು," ಮೇಷ್ಟ್ರು ಕೂಗಿದರು. "ಕೈಯಲ್ಲೇ ಕಿತ್ಕೊಂಡು ಬರಬಹುದು."

ಆರನೆಯದಕ್ಕೆ ಹಲಸಿನ ಎಲೆಯೊಂದು ಉದುರಿತು. ಎಲೆಗೇ ಗುರಿ ಇಟ್ಟಿದ್ದೆ ಅಂತ ಬೋಪಣ್ಣ ಹೇಳಿದ ಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದರು. ಎಪ್ಪತ್ತೆಂಟು ವಯಸ್ಸು, ಹಿಂದೆ ನೆರಿಗೆ ಹಿಡಿದು ಉಟ್ಟ ಸೀರೆ, ಕೈಯಲ್ಲಿ ಪೂಜೆ ಮುಗಿದ ಕೋವಿ. ನಾಟಿ ಮುಗಿದು ಆಯುಧ ಮತ್ತೆ ಕೈಗೆ ತಗೊಳ್ಳುವ ಹಬ್ಬವಲ್ಲವೇ? ನಳಿಗೆಯಲ್ಲಿ ಸಿಕ್ಕಿಸಿದ್ದ ತೋಕ್‌ಪೂ, ಅಂದರೆ ಕೋವಿ ಹೂವನ್ನು ತೆಗೆದು ಕಿವಿ ಹಿಂದೆ ಇಟ್ಟುಕೊಂಡರು. ಬೋಪಣ್ಣ ಮೊದಲು ನಿಂತಿದ್ದ ಜಾಗಕ್ಕೇ ಹೋದರು. ಕೋವಿ ಏರಿಸಿದ್ದು, ಹೊಡೆದಿದ್ದು, ಇಳಿಸಿದ್ದು, ಎಲ್ಲ ಒಂದೇ ಉಸಿರಲ್ಲಿ. ತೆಂಗಿನಕಾಯಿ ಚೂರಾಗಿ ನೀರು ಸುರಿಯಿತು. ಎದುರು ಗುಡ್ಡದಿಂದ ಸದ್ದು ಮರಳಿ ಬಂತು.

"ಅದು ಕೋವಿ ಅವ್ವ, ಸಣ್ಣ ಸಣ್ಣ ಗುಂಡು ಎರಚುತ್ತೆ. ಯಾರು ಹೊಡೆದ್ರೂ ಬೀಳುತ್ತೆ!"

"ನೀನೂ ಆರು ಎರಚಿದೆಯಲ್ಲೋ," ಅಂದರು ಮೇಷ್ಟ್ರು. ಆಮೇಲೆ ಕೋವಿಯನ್ನು ನೋಡುತ್ತ, "ಕೊಡವರ ಕೋವಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ. 2021ರಲ್ಲಿ ಹೈಕೋರ್ಟೂ ಸರಿ ಅಂತು. ಆ ಭಾಗ್ಯ ನಿನ್ನ ರಿವಾಲ್ವರಿಗಿಲ್ಲ. ನನ್ನ ಕೇಳಿದ್ರೆ, ಹೊಡೆದದ್ದು ನೋಡಿದ ಮೇಲೆ ನಿನಗೂ ಕೊಡಬಾರದು."

ಅವ್ವ ನಗಲಿಲ್ಲ. ಸೆರಗಿನಿಂದ ನಳಿಗೆ ಒರೆಸುತ್ತಿದ್ದರು.

"ಇವನು ಹುಟ್ಟಿದ ದಿನ ಇವರಪ್ಪ ಇದರಲ್ಲೇ ಒಂದು ಹೊಡೆದಿದ್ದು," ಅಂದರು. "ಆ ಬೆಟ್ಟದಾಚೆ ನನ್ನ ತವರಿಗೆ ಕೇಳಿಸ್ತಂತೆ. ಅವರು ತೀರಿಹೋದಾಗ ಸಾವಿನ ಸುದ್ದಿಗೆ ಅಂತ ಪಕ್ಕದ ಮನೆಯವರು ಎರಡು ಹೊಡೆದ್ರು. ಇವನು ಬೆಂಗಳೂರಿಂದ ಬರೋದು ಸಂಜೆ ಆಯ್ತು."

ಶ್ಯಾಮ ಫೋನು ಕೆಳಗಿಳಿಸಿದ. ಬೋಪಣ್ಣ ಖಾಲಿ ತೋಟೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕುತ್ತ, ತಲೆ ಎತ್ತದೆ ಅಂದ:

"ಇನ್ನು ಮೇಲೆ ತಿಂಗಳಿಗೊಂದು ಸಲ ಬರ್ತೀನಿ ಅವ್ವ. ಗುರಿ ಕಲೀತೀನಿ."

"ಅದಕ್ಕೆ ಗುರಿ ಯಾಕೆ ಮಗ? ಹೊಡೆಯೋದು ಆಕಾಶಕ್ಕೆ. ನೀನೂ ತಪ್ಪಲ್ಲ. ಆ ದಿನ ಊರಲ್ಲಿದ್ರೆ ಸಾಕು."

ಕೋವಿ ಹೆಗಲಿಗೇರಿಸಿ ಒಳಗೆ ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. "ಕಡಂಬುಟ್ಟು ಆರ್ತಾ ಇದೆ. ಕಾಯಿ ಚೂರು ಆರಿಸ್ಕೊಂಡು ಬನ್ನಿ."