ಹೊಲದಾಗಿನ ಶ್ರೀಗಂಧ, ಹಿತ್ತಲದಾಗಿನ ಪಾತರಗಿತ್ತಿ

ಪ್ರಶ್ನೆ (ಗದಗ): ನಮಸ್ಕಾರ ಸರ್. ಮಗಳು ಬಿಎಸ್ಸಿ ಮೊದಲನೇ ವರ್ಷ. ಒಂದು ಹೂಬಿಡೋ ಗಿಡ, ಒಂದು ಕೀಟ ತಗೊಂಡು ವರ್ಗೀಕರಣ, ಸಂರಕ್ಷಣೆಯ ಸ್ಥಿತಿ ಹೋಲಿಸಿ ಬರೀರಿ ಅಂದಾರ. ಆಕಿ ಶ್ರೀಗಂಧ, ಕ್ರಿಮ್ಸನ್ ರೋಸ್ ಪಾತರಗಿತ್ತಿ ಆರಿಸ್ಯಾಳ. ಯಾವ ಜೀವಿಗೆ ಅಳಿಯೋ ಅಪಾಯ ಎಷ್ಟೈತಿ ಅಂತ ಹೇಳೋ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ) ಕೆಂಪು ಪಟ್ಟಿಯೊಳಗ ಗಂಧ ‘ವಲ್ನರಬಲ್’ (ಅಳಿವಿನ ಅಪಾಯ ಐತಿ), ಪಾತರಗಿತ್ತಿ ‘ಲೀಸ್ಟ್ ಕನ್ಸರ್ನ್’ (ಸದ್ಯಕ್ಕ ಚಿಂತಿ ಇಲ್ಲ) ಐತಿ. ನಮ್ಮ ಮಗ್ಗಲ ಹೊಲದಾಗ ಸಾಲು ಸಾಲು ಗಂಧ ಹಚ್ಚ್ಯಾರ, ಪಾತರಗಿತ್ತಿ ಕಂಡದ್ದು ಒಂದೇ ಸಲ. ಇದು ಉಲ್ಟಾ ಆತಲ್ರೀ? ಫೋಟೊ ಹಾಕೀನಿ, ಕರಿಬೇವಿನ ಮ್ಯಾಲೆ ಮೊಟ್ಟಿ ಇಡಾಕತ್ತಿತ್ತು.

ಉತ್ತರ (ಜೀವಶಾಸ್ತ್ರ ಉಪನ್ಯಾಸಕ, ಧಾರವಾಡ): ಮೊದಲು ಫೋಟೊ ವಿಷಯ. ಅದು ಕ್ರಿಮ್ಸನ್ ರೋಸ್ ಅಲ್ರೀ, ಕಾಮನ್ ಮಾರ್ಮನ್ ಹೆಣ್ಣು. ಮೈ ನೋಡ್ರಿ, ಕರ್ರಗೈತಿ. ಕ್ರಿಮ್ಸನ್ ರೋಸ್ ಆಗಿದ್ರ ತಲಿ, ಹೊಟ್ಟಿ ಕೆಂಪಗಿರತಿದ್ವು. ಅದು ಮೊಟ್ಟಿ ಇಡೋದು ಈಶ್ವರಿ ಬಳ್ಳಿ ಜಾತಿಯ ಬಳ್ಳಿಗೆ, ಕರಿಬೇವಿಗಲ್ಲ. ಬಳ್ಳಿಯ ವಿಷ ಹುಳದ ಮೈಗೆ ಸೇರಿ ಪಾತರಗಿತ್ತಿ ಆದ ಮ್ಯಾಲೂ ಉಳಿತೈತಿ, ಹಕ್ಕಿ ಬಾಯಿ ಹಾಕಂಗಿಲ್ಲ. ಮಾರ್ಮನ್ ಹೆಣ್ಣಿಗೆ ವಿಷ ಇಲ್ಲ, ಹಕ್ಕಿ ಮೋಸ ಹೋಗೋವಂಗ ಬರೇ ಕ್ರಿಮ್ಸನ್ ರೋಸಿನ ವೇಷ. ಎರಡೂ ಪ್ಯಾಪಿಲಿಯೋನಿಡೇ ಕುಟುಂಬದವೇ, ಕುಲ ಬ್ಯಾರೆ.

ಇನ್ನ ಗಂಧ. ಪಟ್ಟಿ ಮಾಡೋರು ಹೊಲದಾಗಿನ ಗಿಡ ಎಣಸಂಗಿಲ್ಲ. ಕಾಡಿನೊಳಗ ತಾನೇ ಹುಟ್ಟಿ ಬೆಳೆದ ಮರ ಎಷ್ಟು ಕಮ್ಮಿ ಆದ್ವು ಅಂತ ನೋಡ್ತಾರ. ಕಳ್ಳ ಕಡಿತ, ಸ್ಪೈಕ್ ರೋಗ (ಎಲಿ ಸಣ್ಣಾಗಿ ಮರ ಸಾಯೋ ರೋಗ) ಎರಡೂ ಅದನ್ನ ತಿಂದು ಹಾಕ್ಯಾವ. ಮಗ್ಗಲ ಹೊಲದ ಸಾಲು ಬಂದದ್ದು 2001ರ ಕರ್ನಾಟಕ ಅರಣ್ಯ ಕಾಯ್ದೆ ತಿದ್ದುಪಡಿ ಆದ ಮ್ಯಾಲೆ. ಅದಕ್ಕ ಮೊದಲು ನಿಮ್ಮ ಜಮೀನಿನ ಗಂಧಕ್ಕ ನೀವು ಮಾಲೀಕರೇ ಅಲ್ಲ! ಪಾತರಗಿತ್ತಿ ಒಂದೇ ಸಲ ಕಂಡ್ರೂ, ಅದು ಭಾರತ, ಶ್ರೀಲಂಕಾ ತುಂಬ ಹರಡೇತಿ.

ವರ್ಗೀಕರಣ ಸರಳ. ಗಂಧ: ಸಸ್ಯ ಸಾಮ್ರಾಜ್ಯ, ಸ್ಯಾಂಟಲೇಲ್ಸ್ ಗಣ, ಸ್ಯಾಂಟಲೇಸಿ ಕುಟುಂಬ. ಪಾತರಗಿತ್ತಿ: ಪ್ರಾಣಿ ಸಾಮ್ರಾಜ್ಯ, ಸಂಧಿಪದಿ ವಂಶ, ಕೀಟ ವರ್ಗ, ಲೆಪಿಡಾಪ್ಟೆರಾ ಗಣ. ಎರಡಕ್ಕೂ ಹೆಸರಿಟ್ಟಾವ ಲಿನೇಯಸ್, ಗಂಧಕ್ಕ 1753ರಾಗ, ಪಾತರಗಿತ್ತಿಗೆ 1758ರಾಗ.

ಪ್ರಶ್ನೆ: ಅಯ್ಯೋ, ಫೋಟೊ ಅಂಟಿಸಿಬಿಟ್ಟಾಳ್ರೀ. ಲೀಸ್ಟ್ ಕನ್ಸರ್ನ್ ಅಂದ್ರ ಹಿಡೀಬಹುದಾ, ಖರೇ ಒಂದು ಸಿಕ್ರ?

ಉತ್ತರ: ಹಿಡೀಬ್ಯಾಡ್ರಿ! ಐಯುಸಿಎನ್ ಪಟ್ಟಿ ಬ್ಯಾರೆ, ನಮ್ಮ ಕಾನೂನು ಬ್ಯಾರೆ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯೊಳಗ ಕ್ರಿಮ್ಸನ್ ರೋಸ್ ಹುಲಿಯ ಸಾಲಿಗೆ ಕುಂತಿತ್ತು. 2022ರಾಗ ಪಟ್ಟಿ ಹೊಸದಾಗಿ ಬರದಾರ, ಹಳೇ ಗೈಡ್ ನೋಡಿ ಕಾಪಿ ಮಾಡಬ್ಯಾಡ ಅನ್ರಿ. ಫೋಟೊ ಕೀಳೋದೂ ಬ್ಯಾಡ. ಕೆಳಗ ‘ವೇಷಧಾರಿ’ ಅಂತ ಬರೀಲಿ, ಈ ಕರಿಬೇವಿನ ಕಥೀನೂ ಸೇರಸ್ಲಿ. ನಾನಾದ್ರ ಅದಕ್ಕ ಎರಡು ಮಾರ್ಕ್ಸ್ ಜಾಸ್ತಿ ಕೊಡ್ತಿದ್ದೆ.